ಕರೆಂಟ್ ದರ ಏರಿದರೆ ನೀರಿನ ಬಿಲ್ಲೂ ಏರಬೇಕೆ? ಲೆಕ್ಕ ಯಾರು ನೋಡುತ್ತಾರೆ?

ಪ್ರಶ್ನೆ: ನಾವು ಬೆಂಗಳೂರಿನ ಜಯನಗರದಲ್ಲಿ ಸ್ವಂತ ಮನೆಯಲ್ಲಿದ್ದೇವೆ. ತಿಂಗಳಿಗೆ ಸುಮಾರು 20 ಸಾವಿರ ಲೀಟರ್ ಕಾವೇರಿ ನೀರು ಬಳಸುತ್ತೇವೆ. 2025ರ ಏಪ್ರಿಲ್‌ನಲ್ಲಿ ದರ ಏರಿಸಿದಾಗ ವಿದ್ಯುತ್ ಖರ್ಚು ವಿಪರೀತ ಹೆಚ್ಚಾಗಿದೆ ಎಂದು ಜಲಮಂಡಳಿ ಕಾರಣ ಕೊಟ್ಟಿತ್ತು. ಇನ್ನು ಮೇಲೆ ಪ್ರತಿ ವರ್ಷ ಶೇ 3ರಷ್ಟು ತಾನಾಗಿಯೇ ಏರುತ್ತದಂತೆ. ಇದು ಕರೆಂಟ್ ಬಿಲ್ಲಿನಲ್ಲಿ ಬರುವ ಹೊಂದಾಣಿಕೆ ಶುಲ್ಕದಂಥದ್ದೇ? ಮಂಡಳಿ ಬೇರೆಯವರಿಗೆ ಕಟ್ಟುವ ಹಣವನ್ನು ನಮ್ಮಿಂದ ವಸೂಲು ಮಾಡುವುದು ನ್ಯಾಯವೇ? ಇದನ್ನು ಪರಿಶೀಲಿಸುವವರು ಯಾರಾದರೂ ಇದ್ದಾರೆಯೇ?

ಉತ್ತರ: ನೀರು ಕೊಡುವ ಸಂಸ್ಥೆ ತನ್ನ ಹಿಡಿತದಲ್ಲಿಲ್ಲದ ಖರ್ಚನ್ನು ಬಳಕೆದಾರರಿಂದ ಪಡೆಯುವುದು ನ್ಯಾಯವೇ. ಆದರೆ ಆ ಖರ್ಚು ಎಷ್ಟು, ಅದರಲ್ಲಿ ಬೆಲೆ ಏರಿದ್ದರಿಂದ ಆದದ್ದೆಷ್ಟು, ತನ್ನದೇ ಸೋರಿಕೆಯಿಂದ ಆದದ್ದೆಷ್ಟು ಎಂಬುದನ್ನು ಬಿಡಿಸಿ ತೋರಿಸದೆ ಪಡೆಯುವುದು ನ್ಯಾಯವಲ್ಲ. ಶೇ 3ರ ಏರಿಕೆ ಕರೆಂಟ್ ಬಿಲ್ಲಿನ ಹೊಂದಾಣಿಕೆ ಶುಲ್ಕದಂಥದ್ದಲ್ಲ, ಅದರ ಸ್ವಭಾವವೇ ಬೇರೆ. ಪರಿಶೀಲಿಸುವವರ ವಿಷಯಕ್ಕೆ ಬಂದರೆ, ಕರೆಂಟಿಗೆ ಇದ್ದಾರೆ, ನೀರಿಗೆ ಇಲ್ಲ. ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯ. ಅಲ್ಲಿಗೆ ಹೋಗುವ ಮೊದಲು ನಿಮ್ಮ ನಲ್ಲಿಯ ನೀರಿನಲ್ಲಿ ಕರೆಂಟ್ ಎಷ್ಟಿದೆ ಎಂದು ಲೆಕ್ಕ ಹಾಕೋಣ.

ಬೆಂಗಳೂರಿಗೆ ಕಾವೇರಿ ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಈ ಮೂರು ಕಡೆ ಪಂಪು ಮಾಡಿ ಒಟ್ಟು ಸುಮಾರು 500 ಮೀಟರ್ ಮೇಲೆತ್ತಬೇಕು. ಸಾವಿರ ಲೀಟರ್ ಅಂದರೆ ಒಂದು ಟನ್ ನೀರು. ಒಂದು ಟನ್ನನ್ನು 500 ಮೀಟರ್ ಎತ್ತಲು ಭೌತಶಾಸ್ತ್ರದ ಪ್ರಕಾರ ಕನಿಷ್ಠ 1.36 ಯೂನಿಟ್ ಬೇಕು. ಪಂಪು ಮತ್ತು ಮೋಟಾರಿನ ದಕ್ಷತೆ ಶೇ 75 ಎಂದು ಹಿಡಿದರೆ 1.8 ಯೂನಿಟ್ ಆಗುತ್ತದೆ. ಶುದ್ಧೀಕರಣ, ನಗರದೊಳಗಿನ ಪಂಪು ಎಲ್ಲ ಸೇರಿಸಿ ಸಾವಿರ ಲೀಟರಿಗೆ 2 ಯೂನಿಟ್ ಎಂದು ಹಿಡಿಯಿರಿ. ಇದು ನನ್ನ ಅಂದಾಜು, ಮಂಡಳಿಯ ಅಧಿಕೃತ ಅಂಕಿಯಲ್ಲ. ಆದರೆ ಲೆಕ್ಕದ ಗಾತ್ರ ತಿಳಿಯಲು ಇಷ್ಟು ಸಾಕು. 2024ರ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗುವ ಮೊದಲು ದಿನಕ್ಕೆ 145 ಕೋಟಿ ಲೀಟರ್ ಬರುತ್ತಿತ್ತು. ಅಂದರೆ ದಿನಕ್ಕೆ 29 ಲಕ್ಷ ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 9 ಕೋಟಿ ಯೂನಿಟ್. ಐದನೇ ಹಂತದ ಸಾಮರ್ಥ್ಯ ಇನ್ನೂ 77.5 ಕೋಟಿ ಲೀಟರ್. ನದಿಯ ಪಕ್ಕದ ಊರಿನ ನೀರಿಗೂ ಬೆಂಗಳೂರಿನ ನೀರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಜಲಮಂಡಳಿಯ ಅತಿ ದೊಡ್ಡ ಪೂರೈಕೆದಾರ ವಿದ್ಯುತ್ ಕಂಪನಿ. ಯೂನಿಟ್ಟಿಗೆ ಹತ್ತು ಪೈಸೆ ಏರಿದರೂ ತಿಂಗಳಿಗೆ ಕೋಟಿ ರೂಪಾಯಿಯ ಹತ್ತಿರ ಹೋಗುತ್ತದೆ.

ಇಂಥ ಸಂಸ್ಥೆ 2014ರ ನವೆಂಬರಿನಿಂದ 2025ರ ಏಪ್ರಿಲ್‌ವರೆಗೆ ದರ ಮುಟ್ಟಲೇ ಇಲ್ಲ. ಅಷ್ಟು ವರ್ಷ ನಮ್ಮ ಬಿಲ್ ಏರಲಿಲ್ಲ ಎಂದು ಸಂತೋಷಪಟ್ಟವರಿದ್ದಾರೆ, ನನಗೆ ಹಾಗನಿಸುವುದಿಲ್ಲ. ಆ ಅವಧಿಯಲ್ಲಿ ಕರೆಂಟ್ ದರ ಹೆಚ್ಚುಕಡಿಮೆ ಪ್ರತಿ ವರ್ಷ ಏರಿತು. ಮಂಡಳಿ ಆ ಹಣ ಕಟ್ಟಲೇಬೇಕಿತ್ತು. ಬರುವ ಹಣ ನಿಂತಲ್ಲೇ ನಿಂತು ಹೋಗುವ ಹಣ ಏರುತ್ತಿದ್ದರೆ ಕತ್ತರಿ ಬೀಳುವುದು ಯಾರಿಗೂ ತಕ್ಷಣ ಕಾಣದ ಕೆಲಸಗಳಿಗೆ: ಹಳೇ ಪೈಪು ಬದಲಿಸುವುದು, ಮೀಟರ್ ರಿಪೇರಿ, ಸೋರಿಕೆ ಹುಡುಕುವುದು. ಅದರ ಬೆಲೆ ನಾವೇ ತೆರುತ್ತೇವೆ, ಹತ್ತು ವರ್ಷ ತಡವಾಗಿ ಮತ್ತು ಒಮ್ಮೆಗೇ. ನಿಮ್ಮ 20 ಸಾವಿರ ಲೀಟರಿನ ಲೆಕ್ಕವನ್ನೇ ನೋಡಿ. ಹಿಂದೆ ಮೊದಲ 8 ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ, ಆಮೇಲಿನದಕ್ಕೆ 11 ರೂಪಾಯಿ, ಒಟ್ಟು 188. 2025ರ ಏಪ್ರಿಲ್‌ನಲ್ಲಿ ಅದು 8.50 ಮತ್ತು 15 ಆಯಿತು, ಒಟ್ಟು 248. ಒಳಚರಂಡಿ ಮತ್ತು ಮೀಟರ್ ಶುಲ್ಕ ಬಿಟ್ಟು ಇಷ್ಟು. ಒಂದೇ ತಿಂಗಳಲ್ಲಿ ಶೇ 32 ಏರಿದರೆ ಯಾರಿಗಾದರೂ ಹೊಡೆತವೇ.

ವಿದ್ಯುತ್ ಖರ್ಚು ಈ ಅವಧಿಯಲ್ಲಿ ಶೇ 107ರಷ್ಟು ಹೆಚ್ಚಾಗಿದೆ ಎಂದು ಮಂಡಳಿ ಹೇಳಿತು. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ದರ ನಿಗದಿಯ ಕೆಲಸ ಮಾಡುವವರು ಇಂಥ ಅಂಕಿ ಕಂಡ ಕೂಡಲೇ ಅದನ್ನು ಎರಡಾಗಿ ಒಡೆಯುತ್ತಾರೆ. ವಿದ್ಯುತ್ ಬಿಲ್ ಅಂದರೆ ಯೂನಿಟ್ಟಿನ ಬೆಲೆ ಗುಣಿಸು ಬಳಸಿದ ಯೂನಿಟ್ಟುಗಳು. ಬೆಲೆ ಏರಿದ್ದು ಮಂಡಳಿಯ ಕೈಯಲ್ಲಿಲ್ಲ. ಯೂನಿಟ್ಟು ಹೆಚ್ಚಾದದ್ದಕ್ಕೆ ಮಾತ್ರ ಹಲವು ಕಾರಣಗಳಿರಬಹುದು. ಹೆಚ್ಚು ನೀರು ಪಂಪು ಮಾಡಿದ್ದರೆ ಅದನ್ನು ಮಾರಿದ ಹಣವೂ ಬಂದಿರಬೇಕು, ಆ ಭಾಗವನ್ನು ಹಳೆಯ ಗ್ರಾಹಕರ ಮೇಲೆ ಹಾಕುವಂತಿಲ್ಲ. ಪಂಪುಗಳು ಸವೆದು ಅದೇ ನೀರಿಗೆ ಹೆಚ್ಚು ಕರೆಂಟ್ ತಿನ್ನುತ್ತಿದ್ದರೆ ಅದು ಮಂಡಳಿಯ ಜವಾಬ್ದಾರಿ. ಪಂಪು ಮಾಡಿದ ನೀರು ದಾರಿಯಲ್ಲೇ ಸೋರಿದ್ದರೂ ಅಷ್ಟೆ. ಶೇ 107ರ ಒಳಗೆ ಇವೆಲ್ಲ ಬೆರೆತಿವೆ. ಗ್ರಾಹಕರಿಗೆ ದಾಟಿಸಲು ಅರ್ಹವಾದದ್ದು ಬೆಲೆಯ ಭಾಗ ಮಾತ್ರ.

ಇನ್ನು ಶೇ 3. ಇದು ಪ್ರತಿ ಏಪ್ರಿಲ್ 1ಕ್ಕೆ ಬರುತ್ತದೆ, ಕರೆಂಟ್ ದರ ಏರಿರಲಿ, ಇಳಿದಿರಲಿ, ಹಾಗೇ ಇರಲಿ. ಖರ್ಚಿಗೂ ಇದಕ್ಕೂ ಸೂತ್ರದ ಸಂಬಂಧವೇ ಇಲ್ಲ. ಹತ್ತು ವರ್ಷದಲ್ಲಿ ಚಕ್ರಬಡ್ಡಿಯಂತೆ ಸೇರಿ ಶೇ 34 ಆಗುತ್ತದೆ. ವಿದ್ಯುತ್ ಖರ್ಚು 11 ವರ್ಷದಲ್ಲಿ ಶೇ 107 ಏರಿದ್ದು ನಿಜವಾದರೆ ಅದು ವರ್ಷಕ್ಕೆ ಸರಾಸರಿ ಶೇ 7ರ ಹತ್ತಿರ. ಹಾಗಾಗಿ ಕರೆಂಟ್ ದುಬಾರಿಯಾದ ವರ್ಷ ಶೇ 3 ಸಾಲುವುದಿಲ್ಲ, ಮಂಡಳಿ ಮತ್ತೆ ಕೊರತೆಗೆ ಬೀಳುತ್ತದೆ. ಅಗ್ಗವಾದ ವರ್ಷ ನಾವು ಸುಮ್ಮನೆ ಹೆಚ್ಚು ಕೊಡುತ್ತೇವೆ. ಎರಡೂ ಕಡೆಗೆ ಸರಿಹೋಗದ ವ್ಯವಸ್ಥೆ ಇದು. ಇದರ ಪರವಾಗಿ ಹೇಳಬಹುದಾದ ಒಂದೇ ಮಾತೆಂದರೆ, ದರ ಏರಿಸುವ ಧೈರ್ಯವಿಲ್ಲದೆ ದಶಕಗಟ್ಟಲೆ ಮುಂದೂಡುವ ಅಭ್ಯಾಸಕ್ಕೆ ಇದು ಕಡಿವಾಣ ಹಾಕುತ್ತದೆ. ಆ ಉದ್ದೇಶ ಒಳ್ಳೆಯದೇ. ಆದರೆ ಬೆಸ್ಕಾಂ ದರಕ್ಕೆ ಜೋಡಿಸಿದ ಸೂತ್ರ ಇದ್ದಿದ್ದರೆ ಅದೇ ಕೆಲಸವನ್ನು ಹೆಚ್ಚು ಪ್ರಾಮಾಣಿಕವಾಗಿ ಮಾಡುತ್ತಿತ್ತು.

ಕರೆಂಟಿನಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. 2003ರ ವಿದ್ಯುತ್ ಕಾಯ್ದೆಯ 62ನೇ ಸೆಕ್ಷನ್ನಿನ ಪ್ರಕಾರ ಸಾಮಾನ್ಯವಾಗಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ದರ ಬದಲಿಸುವಂತಿಲ್ಲ. ಇಂಧನ ಸರ್‌ಚಾರ್ಜ್ ಸೂತ್ರದಡಿ ಆಗುವ ಬದಲಾವಣೆಗೆ ಮಾತ್ರ ವಿನಾಯಿತಿ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ವ್ಯತ್ಯಾಸ ತಿಂಗಳು ತಿಂಗಳು ತಾನಾಗಿ ಗ್ರಾಹಕರಿಗೆ ದಾಟಬೇಕು ಎಂದಿತು. ನಿಮ್ಮ ಕರೆಂಟ್ ಬಿಲ್ಲಿನಲ್ಲಿ ಎಫ್‌ಪಿಪಿಸಿಎ ಎಂಬ ಸಾಲಾಗಿ ಬರುವ ಹೊಂದಾಣಿಕೆ ಶುಲ್ಕ ಇದೇ. ಅದರಲ್ಲಿ ನನಗೆ ಇಷ್ಟವಾಗದ ಸಂಗತಿಗಳಿವೆ. ತಿಂಗಳಿಗೊಮ್ಮೆ ಬದಲಾಗುವ ಸಂಖ್ಯೆಯನ್ನು ಸಾಮಾನ್ಯ ಗ್ರಾಹಕ ಹಿಂಬಾಲಿಸುವುದು ಕಷ್ಟ. ಆದರೂ ಅದಕ್ಕೊಂದು ಸೂತ್ರವಿದೆ, ವರ್ಷದ ಕೊನೆಗೆ ನಿಜವಾದ ಖರ್ಚಿಗೆ ತಾಳೆ ನೋಡುವ ಕ್ರಮವಿದೆ, ಎಲ್ಲಕ್ಕಿಂತ ಮೇಲಾಗಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) ಇದೆ. ಮೂಲ ದರ ನಿಗದಿಯಾಗುವ ಮುನ್ನ ಆಯೋಗ ಆಕ್ಷೇಪಣೆ ಕರೆಯುತ್ತದೆ, ವಿಚಾರಣೆ ನಡೆಸುತ್ತದೆ, ಕಂಪನಿ ಕೇಳಿದ್ದರಲ್ಲಿ ಒಂದಷ್ಟನ್ನು ಕತ್ತರಿಸಿ ಕಾರಣ ಬರೆದು ಆದೇಶ ಹೊರಡಿಸುತ್ತದೆ. ಒಪ್ಪಿಗೆಯಾಗದವರು ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಈ ಸರಪಳಿ ಜಲಮಂಡಳಿಯ ಗೇಟಿನಲ್ಲಿ ತುಂಡಾಗುತ್ತದೆ. ಮಂಡಳಿಗೆ ಕರೆಂಟ್ ಮಾರುವ ದರವನ್ನು ಆಯೋಗ ವಿಚಾರಣೆ ಮಾಡಿ ನಿಗದಿಪಡಿಸುತ್ತದೆ. ಅದೇ ಕರೆಂಟನ್ನು ನೀರಿನ ರೂಪದಲ್ಲಿ ನಮಗೆ ಮಾರುವ ದರವನ್ನು ಮಂಡಳಿಯೇ ತಯಾರಿಸಿ ಸರ್ಕಾರದ ಒಪ್ಪಿಗೆ ಪಡೆಯುತ್ತದೆ. ನಡುವೆ ಸ್ವತಂತ್ರ ಸಂಸ್ಥೆಯಿಲ್ಲ, ಕಾರಣ ಬರೆದ ಆದೇಶವಿಲ್ಲ. ಮಂಡಳಿ 1964ರ ಕಾಯ್ದೆಯಿಂದ ಹುಟ್ಟಿದ್ದು. ನೀರಿನ ದರಕ್ಕೂ ಆಯೋಗ ಬೇಕು ಎಂಬ ಯೋಚನೆ ಆಗ ನಮ್ಮ ದೇಶದಲ್ಲಿ ಯಾರಿಗೂ ಇರಲಿಲ್ಲ. ಪಕ್ಕದ ಮಹಾರಾಷ್ಟ್ರ 2005ರಲ್ಲಿ ಜಲಸಂಪನ್ಮೂಲ ನಿಯಂತ್ರಣ ಪ್ರಾಧಿಕಾರದ ಕಾಯ್ದೆ ಮಾಡಿತು. ಅದು ನೋಡುವುದು ಅಣೆಕಟ್ಟೆಗಳಿಂದ ನಗರಗಳಿಗೆ, ಕೈಗಾರಿಕೆಗೆ, ನೀರಾವರಿಗೆ ಕೊಡುವ ಸಗಟು ನೀರಿನ ದರವನ್ನು. ಅಲ್ಲಿಯೂ ಮನೆಯ ನಲ್ಲಿಯವರೆಗೆ ಕಣ್ಣು ಬರುವುದಿಲ್ಲ.

ಸ್ಪರ್ಧೆ ಇರುವ ಕಡೆ ಈ ಕಣ್ಣಿನ ಅಗತ್ಯ ಇಲ್ಲ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ದರ್ಶಿನಿಗಳು ಕಾಫಿ ಬೆಲೆ ಏರಿಸಿದವು. ಒಂದು ಲೋಟಕ್ಕೆ ಬೀಳುವ ಹಾಲಿಗಿಂತ ಬಹಳ ಹೆಚ್ಚು ಏರಿಸಿದ ಹೋಟೆಲನ್ನು ಬಿಟ್ಟು ನಾವು ಎದುರಿನದಕ್ಕೆ ಹೋಗಬಹುದು. ಜಲಮಂಡಳಿಯ ಎದುರು ಇನ್ನೊಂದು ಜಲಮಂಡಳಿ ಇಲ್ಲ. ಆ ಎದುರಿನ ಹೋಟೆಲು ಮಾಡುವ ಕೆಲಸವನ್ನು ನಿಯಂತ್ರಕನೇ ಮಾಡಬೇಕು.

ಹೊರದೇಶದಲ್ಲಿ ಇದನ್ನು ಬಹಳ ಕಾಲದಿಂದ ಮಾಡುತ್ತಾ ಬಂದವರಿದ್ದಾರೆ. ನನಗೆ ಹೆಚ್ಚು ಉಪಯುಕ್ತ ಅನಿಸುವುದು ಅಮೆರಿಕದ ಇಲಿನಾಯ್ ರಾಜ್ಯದ ಪದ್ಧತಿ. ಶಿಕಾಗೊ ನಗರ ಮಿಷಿಗನ್ ಸರೋವರದ ನೀರನ್ನು ಶುದ್ಧೀಕರಿಸಿ ಸುತ್ತಲಿನ ಉಪನಗರಗಳಿಗೆ ಮಾರುತ್ತದೆ. ಅಲ್ಲಿ ಕೆಲವು ಕಡೆ ಖಾಸಗಿ ಕಂಪನಿಗಳು ಆ ನೀರನ್ನು ಕೊಂಡು ಮನೆಗಳಿಗೆ ಹಂಚುತ್ತವೆ. 2012ರಲ್ಲಿ ಶಿಕಾಗೊ ತನ್ನ ನೀರಿನ ದರವನ್ನು ಶೇ 25, ಆಮೇಲೆ ಮೂರು ವರ್ಷ ಶೇ 15ರಂತೆ ಏರಿಸಿತು. 2015ರ ಹೊತ್ತಿಗೆ ಹತ್ತಿರ ಹತ್ತಿರ ದುಪ್ಪಟ್ಟು. ಕೊಂಡು ಹಂಚುವ ಕಂಪನಿ ಏನು ಮಾಡಲಾದೀತು? ಮಾರುವವರು ಒಬ್ಬರೇ. ಆ ಖರ್ಚು ಗ್ರಾಹಕರಿಗೆ ದಾಟಲೇಬೇಕು.

ದಾಟುವ ದಾರಿಯನ್ನು ಮಾತ್ರ ಕಾನೂನು ಬಿಗಿಯಾಗಿ ಕಟ್ಟಿದೆ. ಕೊಂಡ ನೀರಿನ ಖರ್ಚು ಮೂಲ ದರದೊಳಗೆ ಬೆರೆಯದೆ ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಬರುತ್ತದೆ. ಗ್ರಾಹಕ ಕಂಪನಿಗೆ ಕೊಟ್ಟದ್ದೆಷ್ಟು, ಕಂಪನಿಯ ಮೂಲಕ ನೀರು ಮಾರಿದವರಿಗೆ ಹೋದದ್ದೆಷ್ಟು ಎಂಬುದು ಕಣ್ಣಿಗೇ ಕಾಣುತ್ತದೆ. ವರ್ಷಕ್ಕೊಮ್ಮೆ ರಾಜ್ಯದ ಆಯೋಗದ ಮುಂದೆ ಲೆಕ್ಕದ ತಾಳೆ ನಡೆಯುತ್ತದೆ. ಕೊಂಡ ನೀರಿಗೆ ಕಂಪನಿ ಕಟ್ಟಿದ್ದೆಷ್ಟು, ಆ ಹೆಸರಿನಲ್ಲಿ ವಸೂಲಾದದ್ದೆಷ್ಟು? ಹೆಚ್ಚು ಬಂದಿದ್ದರೆ ಹಿಂದಕ್ಕೆ ಕೊಡಬೇಕು, ಕಡಿಮೆ ಬಿದ್ದಿದ್ದರೆ ಮುಂದೆ ಪಡೆಯಬಹುದು. ಆ ಸಾಲಿನಲ್ಲಿ ಕಂಪನಿಗೆ ಲಾಭದ ಅವಕಾಶವೇ ಇಲ್ಲ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಹಿಡಿದದ್ದು ಸೋರಿಕೆಯ ಷರತ್ತು. ಲೆಕ್ಕಕ್ಕೆ ಸಿಗದ ನೀರಿನ ಗರಿಷ್ಠ ಶೇಕಡಾವಾರು ಮಿತಿ ಎಷ್ಟು ಎಂದು ಪ್ರತಿ ನೀರಿನ ಕಂಪನಿಯೂ ಆಯೋಗದ ಮುಂದೆ ನಿಗದಿ ಮಾಡಿಸಿಕೊಳ್ಳಬೇಕು ಎಂದು ಇಲಿನಾಯ್ ಕಾನೂನು ಹೇಳುತ್ತದೆ. ಆ ಮಿತಿ ಮೀರಿ ಸೋರಿದ ನೀರಿನ ಖರ್ಚನ್ನು ದಾಖಲೆ ಸಮೇತ ಸಮರ್ಥಿಸಿಕೊಳ್ಳದ ಹೊರತು ದರದಲ್ಲಿಯೂ ಸರ್‌ಚಾರ್ಜಿನಲ್ಲಿಯೂ ಸೇರಿಸುವಂತಿಲ್ಲ.

ಇದು ಬೆಂಗಳೂರಿಗೆ ಬಂದರೆ ಏನಾಗುತ್ತದೆ ಎಂದು ಒಂದು ನಿಜವಾದ ಏರಿಕೆಯನ್ನು ಇಟ್ಟುಕೊಂಡೇ ನೋಡೋಣ. 2025ರ ಏಪ್ರಿಲ್‌ನಿಂದ ಕೆಇಆರ್‌ಸಿ ಆದೇಶದಂತೆ ವಿದ್ಯುತ್ ಬಳಕೆದಾರರ ಮೇಲೆ ಯೂನಿಟ್ಟಿಗೆ 36 ಪೈಸೆಯ ಪಿಂಚಣಿ ಮತ್ತು ಗ್ರ್ಯಾಚುಟಿ ಸರ್‌ಚಾರ್ಜ್ ಬಿತ್ತು. ವಿದ್ಯುತ್ ಕಂಪನಿಗಳ ನಿವೃತ್ತ ನೌಕರರ ಪಿಂಚಣಿಯ ಹೊರೆ ಅದು. ಸಾವಿರ ಲೀಟರಿಗೆ 2 ಯೂನಿಟ್ ಅಂದರೆ ಪಂಪು ಮಾಡಿದ ಪ್ರತಿ ಸಾವಿರ ಲೀಟರಿಗೆ 72 ಪೈಸೆ. ಪಂಪು ಮಾಡಿದ್ದರಲ್ಲಿ ಶೇ 30 ಬಿಲ್ಲಿಗೆ ಸಿಗದೆ ಹೋದರೆ ಉಳಿದ ಶೇ 70ರ ಮೇಲೆ ಇಡೀ ಭಾರ ಬಿದ್ದು ಅದು 1 ರೂಪಾಯಿ 3 ಪೈಸೆ ಆಗುತ್ತದೆ. ಸೋರಿಕೆ ಶೇ 20ಕ್ಕಿಳಿದಿದ್ದರೆ 90 ಪೈಸೆ. ನಡುವಿನ 13 ಪೈಸೆ ಬೆಸ್ಕಾಂ ಏರಿಸಿದ್ದಲ್ಲ, ಕೆಇಆರ್‌ಸಿ ಹೇಳಿದ್ದೂ ಅಲ್ಲ, ಒಡೆದ ಪೈಪಿನದು. ಸೋರಿಕೆಗೆ ಶೇ 20ರ ಮಿತಿ ಹಾಕಿದ್ದರೆ ಆ 13 ಪೈಸೆಯನ್ನು ಮಂಡಳಿಯೇ ಹೊರಬೇಕಾಗುತ್ತಿತ್ತು, ಮತ್ತು ಪ್ರತಿ ಬಾರಿ ಕರೆಂಟ್ ದರ ಏರಿದಾಗಲೂ ಪೈಪು ಸರಿಪಡಿಸುವ ಒತ್ತಡ ಅದರ ಮೇಲೆ ತಾನಾಗಿಯೇ ಏರುತ್ತಿತ್ತು. ಬೆಂಗಳೂರಿನಲ್ಲಿ ಲೆಕ್ಕಕ್ಕೆ ಸಿಗದ ನೀರು ಒಂದು ಕಾಲಕ್ಕೆ ಅರ್ಧದ ಹತ್ತಿರವಿತ್ತು. ಈಚೆಗೆ ಮೂರನೇ ಒಂದು ಪಾಲಿಗಿಂತ ಕೆಳಗಿಳಿದಿದೆ ಎಂದು ಮಂಡಳಿ ಹೇಳುತ್ತದೆ. ಆ ಇಳಿಕೆಯ ಹಿಂದೆ ಎಂಜಿನಿಯರುಗಳ ಬಹಳ ಶ್ರಮವಿದೆ, ಅದನ್ನು ಗೌರವಿಸುತ್ತೇನೆ. ಆದರೆ ಸೋರಿಕೆಯ ಖರ್ಚು ಪೂರ್ತಿ ಗ್ರಾಹಕರಿಗೇ ದಾಟುವ ತನಕ ಆ ಶ್ರಮಕ್ಕೆ ದರದ ವ್ಯವಸ್ಥೆಯಿಂದ ಯಾವ ಬೆಂಬಲವೂ ಸಿಗುವುದಿಲ್ಲ.

ಇದೇ ಉದಾಹರಣೆಯಲ್ಲಿ ಇನ್ನೊಂದು ಗಮನಿಸಬೇಕಾದ ಸಂಗತಿಯಿದೆ. ಆ ಪಿಂಚಣಿ ಸರ್‌ಚಾರ್ಜ್ ನಂತರದ ಎರಡು ವರ್ಷಗಳಿಗೆ 35 ಮತ್ತು 34 ಪೈಸೆ ಎಂದು ಆದೇಶದಲ್ಲಿದೆ, ಅಂದರೆ ಇಳಿಯುತ್ತಾ ಹೋಗುತ್ತದೆ. ಇಳಿದ ಆ ಒಂದೊಂದು ಪೈಸೆ ನಮ್ಮ ನೀರಿನ ಬಿಲ್ಲಿಗೆ ಬರುತ್ತದೆಯೇ? ಈಗಿನ ಶೇ 3ರ ಕ್ರಮದಲ್ಲಿ ಬರುವುದಿಲ್ಲ. ಮೊತ್ತ ಚಿಕ್ಕದಿರಬಹುದು, ತತ್ವ ಚಿಕ್ಕದಲ್ಲ. ಏರಿಕೆ ದಾಟುವುದಾದರೆ ಇಳಿಕೆಯೂ ದಾಟಬೇಕು. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಕಾನೂನಿನಲ್ಲೇ ಬರೆದಿದ್ದಾರೆ. ನಿರ್ದಿಷ್ಟ ಖರ್ಚಿನ ಏರಿಳಿತವನ್ನು ಗ್ರಾಹಕರಿಗೆ ದಾಟಿಸಲು ಆಯೋಗ ಒಪ್ಪಿಗೆ ಕೊಡುವಾಗಲೆಲ್ಲ ಆ ಖರ್ಚಿಗೂ ಆ ಹೆಸರಿನಲ್ಲಿ ಬಂದ ಹಣಕ್ಕೂ ಪ್ರತ್ಯೇಕ ಖಾತೆ ಇಡಿಸಲೇಬೇಕು. ಅದರ ಬಾಕಿ ಕೂಡಿದ್ದರೂ ಕಳೆದಿದ್ದರೂ ದಾಖಲಾಗಬೇಕು. ಅಲ್ಲಿನ ಖಾಸಗಿ ನೀರಿನ ಕಂಪನಿಗಳು ಕೊಂಡ ನೀರು, ಕೊಂಡ ವಿದ್ಯುತ್ತು, ಅಂತರ್ಜಲ ಎತ್ತುವ ತೆರಿಗೆ ಇವಕ್ಕೆಲ್ಲ ಇಂಥ ಖಾತೆ ಇಡುತ್ತವೆ.

ಹಾಗಾದರೆ ಖರ್ಚನ್ನು ನೂರಕ್ಕೆ ನೂರು ದಾಟಿಸಬಹುದೇ? ಇಲ್ಲಿ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಪೂರ್ತಿ ದಾಟಿದರೆ ಸಂಸ್ಥೆಗೆ ಚೌಕಾಸಿ ಮಾಡುವ ಆಸಕ್ತಿ ಉಳಿಯುವುದಿಲ್ಲ. ಇಂಗ್ಲೆಂಡಿನ ನಿಯಂತ್ರಕ ಸಂಸ್ಥೆ ಆಫ್‌ವಾಟ್ 2020ರಿಂದ 2025ರ ಅವಧಿಯಲ್ಲಿ ನದಿ ಮತ್ತು ಅಂತರ್ಜಲದಿಂದ ನೀರೆತ್ತಲು ಕಟ್ಟುವ ಶುಲ್ಕ, ಕಟ್ಟಡಗಳ ತೆರಿಗೆ ಇಂಥವುಗಳಿಗೆ ಪಾಲು ಹಂಚಿಕೆ ಮಾಡಿತ್ತು. ಅಂದಾಜಿಗಿಂತ ಖರ್ಚು ಏರಿದರೆ ಅಥವಾ ಇಳಿದರೆ ವ್ಯತ್ಯಾಸದ ಶೇ 75 ಗ್ರಾಹಕರಿಗೆ, ಶೇ 25 ಕಂಪನಿಗೆ. ಇಂಗ್ಲೆಂಡನ್ನು ಎಲ್ಲದಕ್ಕೂ ಮಾದರಿ ಎಂದು ಹೇಳುತ್ತಿಲ್ಲ. ಅಲ್ಲಿನ ಕಂಪನಿಗಳು ಸಾಲದಲ್ಲಿ ಮುಳುಗಿ, ಕೊಳಚೆ ನೀರನ್ನು ನದಿಗೆ ಬಿಟ್ಟು ಜನರ ಸಿಟ್ಟಿಗೆ ಗುರಿಯಾಗಿ, 2025ರಲ್ಲಿ ಸರ್ಕಾರ ಆಫ್‌ವಾಟನ್ನೇ ರದ್ದು ಮಾಡುವುದಾಗಿ ಪ್ರಕಟಿಸಿತು. ನಿಯಂತ್ರಕ ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೂ ಆ ಶೇ 25ರ ಯೋಚನೆ ಸರಿಯಾದದ್ದು. ಬೆಂಗಳೂರಿಗೆ ನಾನಾದರೆ ಇದನ್ನು ಹೀಗೆ ಬದಲಿಸುತ್ತೇನೆ: ಕೆಇಆರ್‌ಸಿ ನಿಗದಿ ಮಾಡಿದ ದರದ ಏರಿಳಿತ ಪೂರ್ತಿ ದಾಟಲಿ, ಏಕೆಂದರೆ ಅಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಸಾವಿರ ಲೀಟರಿಗೆ ಬಳಸಿದ ಯೂನಿಟ್ಟಿನ ಏರಿಳಿತ ದಾಟುವುದೇ ಬೇಡ, ಅದಕ್ಕೊಂದು ಗುರಿ ಇಟ್ಟು ಮೀರಿದರೆ ಮಂಡಳಿ ಹೊರಲಿ, ಉಳಿಸಿದರೆ ಮಂಡಳಿಯೇ ಇಟ್ಟುಕೊಳ್ಳಲಿ. ಹಾಗೆ ಮಾಡಿದರೆ ಹಳೇ ಪಂಪು ಬದಲಿಸಲು ಯಾರೂ ಪತ್ರ ಬರೆದು ಒತ್ತಾಯಿಸಬೇಕಾಗುವುದಿಲ್ಲ.

ಸೂತ್ರದೊಳಗೆ ಏನು ಬರಬಾರದು ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಬಾಗಿಲು ಒಮ್ಮೆ ತೆರೆದರೆ ಎಲ್ಲ ಖರ್ಚೂ ಅದರಲ್ಲೇ ನುಗ್ಗಲು ನೋಡುತ್ತದೆ. ವಿದ್ಯುತ್ ಬಿಲ್ ತಡವಾಗಿ ಕಟ್ಟಿದ್ದಕ್ಕೆ ಬಿದ್ದ ಬಡ್ಡಿ, ಪವರ್ ಫ್ಯಾಕ್ಟರ್ (ಪಡೆದ ಕರೆಂಟ್ ಎಷ್ಟು ಸಮರ್ಥವಾಗಿ ಬಳಕೆಯಾಯಿತು ಎಂಬ ಅಳತೆ) ಕಡಿಮೆಯಾದದ್ದಕ್ಕೆ ದಂಡ, ಒಪ್ಪಂದದಲ್ಲಿ ಹೇಳಿದ ಗರಿಷ್ಠ ವಿದ್ಯುತ್ ಬೇಡಿಕೆ ಮೀರಿದ್ದಕ್ಕೆ ದಂಡ ಇವೆಲ್ಲ ಅದೇ ವಿದ್ಯುತ್ ಬಿಲ್ಲಿನಲ್ಲೇ ಬರುತ್ತವೆ, ಆದರೆ ಪೂರೈಕೆದಾರನ ಬೆಲೆಯಲ್ಲ, ಬಳಸಿದವರ ಲೋಪ. ಅವು ದಾಟಬಾರದು. ನಾಲ್ಕು ಮತ್ತು ಐದನೇ ಹಂತಗಳಿಗೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದಿಂದ ತಂದ ಸಾಲದ ಕಂತು ನ್ಯಾಯವಾದ ಖರ್ಚೇ, ಅದನ್ನು ನಾವು ಕಟ್ಟಲೇಬೇಕು. ಆದರೆ ಅದು ಮೊದಲೇ ಗೊತ್ತಿರುವ ಮೊತ್ತ. ಮೂಲ ದರದ ಪರಿಷ್ಕರಣೆಯಲ್ಲಿ ಚರ್ಚೆಯಾಗಿ ಸೇರಬೇಕು. ಸಂಬಳ, ಗುತ್ತಿಗೆ ಕೆಲಸ, ಕಚೇರಿ ಖರ್ಚೂ ಹಾಗೆಯೇ.

ಹಂಚಿಕೆಯ ಪ್ರಶ್ನೆ ಇನ್ನೂ ಕಷ್ಟದ್ದು. ಮೇಲೆ ಲೆಕ್ಕ ಹಾಕಿದ 1 ರೂಪಾಯಿ 3 ಪೈಸೆಯನ್ನು ಎಲ್ಲರ ಮೇಲೆ ಸಾವಿರ ಲೀಟರಿಗೆ ಒಂದೇ ರೀತಿ ಹಾಕಿದರೆ, 8.50ರ ಕೆಳಗಿನ ಸ್ಲ್ಯಾಬಿನವರಿಗೆ ಅದು ಶೇ 12ರ ಏರಿಕೆ, 50 ಸಾವಿರ ಲೀಟರ್ ದಾಟಿ 55 ರೂಪಾಯಿ ಕೊಡುವವರಿಗೆ ಶೇ 2 ಕೂಡ ಇಲ್ಲ. ಎಲ್ಲರಿಗೂ ನೀರೆತ್ತಲು ಖರ್ಚಾಗುವ ಕರೆಂಟ್ ಒಂದೇ, ಆದ್ದರಿಂದ ಸಮಾನವಾಗಿ ಹಂಚುವುದೇ ಸರಿ ಎಂಬ ವಾದವಿದೆ. ನನಗೆ ಒಪ್ಪಿಗೆಯಿಲ್ಲ. ಮೊದಲ 8 ಸಾವಿರ ಲೀಟರ್ ಅಂದರೆ ನಾಲ್ಕು ಜನರ ಮನೆಯಲ್ಲಿ ಒಬ್ಬರಿಗೆ ದಿನಕ್ಕೆ 66 ಲೀಟರ್. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಬೇಕಾದಷ್ಟೇ. ಅದರ ಮೇಲೆ ತಿಂಗಳು ತಿಂಗಳು ಏರಿಳಿಯುವ ಶುಲ್ಕ ಬೇಡ. ಅಲ್ಲಿ ಬಿಟ್ಟ ಹಣ ಮೇಲಿನ ಸ್ಲ್ಯಾಬುಗಳಿಗೂ ವಾಣಿಜ್ಯ ಬಳಕೆದಾರರಿಗೂ ಹಂಚಿಕೆಯಾಗಲಿ. ಅದರಿಂದ ನಿಮ್ಮ ಮನೆಯ ಬಿಲ್ ಸ್ವಲ್ಪ ಏರಬಹುದು. ಅದನ್ನು ಮುಚ್ಚಿಡುವುದಿಲ್ಲ.

ನಲ್ಲಿಯೇ ಇಲ್ಲದವರಿಗೆ ಈ ಚರ್ಚೆ ಇನ್ನೂ ದೂರದ್ದು. 2024ರ ಮಾರ್ಚಿನ ಬರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಿದಾಗ 5 ಕಿಲೋಮೀಟರ್ ಒಳಗೆ 6 ಸಾವಿರ ಲೀಟರಿಗೆ 600 ರೂಪಾಯಿ ಎಂದಿತ್ತು. ಅಂದರೆ ಸಾವಿರ ಲೀಟರಿಗೆ 100. ಸರ್ಕಾರವೇ ನ್ಯಾಯಬೆಲೆ ಎಂದದ್ದು ನಲ್ಲಿಯ ಆಗಿನ ಕೆಳಗಿನ ದರದ ಹದಿನಾಲ್ಕು ಪಟ್ಟು. ರಾಜ್ಯದ ಸಣ್ಣ ಪಟ್ಟಣಗಳಲ್ಲಿ ಚಿತ್ರ ಇನ್ನೊಂದು ರೀತಿ. ನೀರೆತ್ತುವ ವಿದ್ಯುತ್ ಬಿಲ್ಲಿನ ದೊಡ್ಡ ಭಾಗ ರಾಜ್ಯದ ಅನುದಾನದಿಂದಲೇ ಹೋಗುವುದರಿಂದ ಊರವರಿಗೆ ಆ ಖರ್ಚು ಕಾಣುವುದೇ ಇಲ್ಲ, ಸೋರಿಕೆಯ ಬೆಲೆಯೂ ಕಾಣುವುದಿಲ್ಲ.

ಕೆಇಆರ್‌ಸಿಗೇ ಬೆಂಗಳೂರಿನ ನೀರಿನ ದರ ಪರಿಶೀಲಿಸುವ ಅಧಿಕಾರ ಕೊಟ್ಟರೆ ಸಾಕು, ಹೊಸ ಆಯೋಗ ಬೇಡ ಎಂಬುದು ನನ್ನ ಅಭಿಪ್ರಾಯ. ದರದ ಲೆಕ್ಕ ಒಡೆದು ನೋಡುವ ಅಕೌಂಟೆಂಟುಗಳು, ಎಂಜಿನಿಯರುಗಳು, ವಿಚಾರಣೆಯ ಅಭ್ಯಾಸ ಅಲ್ಲಿ ಈಗಾಗಲೇ ಇದೆ. ಜಲಮಂಡಳಿಯ ಅತಿ ದೊಡ್ಡ ಖರ್ಚಿನ ದರವನ್ನು ಅದೇ ನಿಗದಿ ಮಾಡುತ್ತದೆ. ಅದಕ್ಕೆ ವಿಧಾನಸಭೆಯಲ್ಲಿ ಕಾಯ್ದೆ ತಿದ್ದುಪಡಿ ಬೇಕು, ಅದು ಬೇಗ ಆಗುವ ಕೆಲಸವಲ್ಲ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಒಂದಿದೆ. ಮಾಹಿತಿ ಹಕ್ಕು ಕಾಯ್ದೆಯಡಿ ಜಲಮಂಡಳಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. "ವಿದ್ಯುತ್ ಖರ್ಚು ಯಾಕೆ ಏರಿತು" ಎಂದು ಕೇಳಬೇಡಿ. ಅದಕ್ಕೆ ಅಭಿಪ್ರಾಯ ಬರುತ್ತದೆ, ಅಥವಾ ಏನೂ ಬರುವುದಿಲ್ಲ. ದಾಖಲೆ ಕೇಳಿ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಈ ಮೂರು ಪಂಪಿಂಗ್ ಸ್ಟೇಷನ್ನುಗಳ ಕಳೆದ 36 ತಿಂಗಳ ವಿದ್ಯುತ್ ಬಿಲ್ಲುಗಳ ಪ್ರತಿ, ಅದೇ ತಿಂಗಳುಗಳಲ್ಲಿ ಪಂಪು ಮಾಡಿದ ನೀರಿನ ಪ್ರಮಾಣ, ಅದೇ ತಿಂಗಳುಗಳಲ್ಲಿ ನಗರದಲ್ಲಿ ಬಿಲ್ ಮಾಡಿದ ನೀರಿನ ಪ್ರಮಾಣ. ಬಿಲ್ಲುಗಳಲ್ಲಿ ಯೂನಿಟ್ಟು, ದರ, ಹೊಂದಾಣಿಕೆ ಶುಲ್ಕ, ದಂಡ, ಬಡ್ಡಿ ಎಲ್ಲ ಬೇರೆ ಬೇರೆ ಸಾಲಿನಲ್ಲಿರುತ್ತವೆ. 30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಮಂಡಳಿಯ ಮೊದಲ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಉತ್ತರ ಬಂದ ಮೇಲೆ ಪ್ರತಿ ತಿಂಗಳ ಯೂನಿಟ್ಟುಗಳನ್ನು ಆ ತಿಂಗಳು ಬಿಲ್ ಮಾಡಿದ ನೀರಿನಿಂದ ಭಾಗಿಸಿ. ಆ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ನಿಮ್ಮ ಬಿಲ್ಲಿನ ಏರಿಕೆಯಲ್ಲಿ ಒಂದು ಭಾಗ ಬೆಸ್ಕಾಂನದಲ್ಲ. ಇಳಿಯುತ್ತಿದ್ದರೆ ಮಂಡಳಿ ತನ್ನ ಪಾಲಿನ ಕೆಲಸ ಮಾಡಿದೆ, ಉಳಿದ ಏರಿಕೆಯನ್ನು ಕೆಇಆರ್‌ಸಿಯ ಮುಂದಿನ ದರ ವಿಚಾರಣೆಯಲ್ಲಿ ಪ್ರಶ್ನಿಸಬೇಕು. ಆ ವಿಚಾರಣೆಯ ಪ್ರಕಟಣೆ ಪತ್ರಿಕೆಗಳಲ್ಲಿ ಬಂದಾಗ ವಿದ್ಯುತ್ ಗ್ರಾಹಕರಾಗಿ ನೀವೇ ಆಕ್ಷೇಪಣೆ ಸಲ್ಲಿಸಬಹುದು, ವಕೀಲರ ಅಗತ್ಯವಿಲ್ಲ.